ತಕ್ಕಡಿ ಹಿಡಿದು ಬೆಂಕಿಯನ್ನು ಅರಿತವನು: ಆಂಟ್ವಾನ್ ಲವಾಸಿಯೆ

ನಮ್ಮ ಶಾಲೆಯಲ್ಲಿ ಯಾವ ವರ್ಷ ಓದಿದವರೇ ಆಗಲಿ, ವಿಜ್ಞಾನದ ಪರೀಕ್ಷೆಯಲ್ಲಿ ಒಮ್ಮೆಯಾದರೂ ಎದುರಿಸಿರುವ ಪ್ರಶ್ನೆ ಒಂದಿದೆ. ಭೌತ ಬದಲಾವಣೆಗೂ ರಾಸಾಯನಿಕ ಬದಲಾವಣೆಗೂ ಇರುವ ವ್ಯತ್ಯಾಸ ಬರೆಯಿರಿ ಎಂಬುದು ಆ ಪ್ರಶ್ನೆ. ಹಾಳೆಯ ನಡುವೆ ಒಂದು ಗೆರೆ ಎಳೆದು, ಎಡಗಡೆ ಮಂಜುಗಡ್ಡೆ ಕರಗುವುದು, ಬಲಗಡೆ ಕಬ್ಬಿಣಕ್ಕೆ ತುಕ್ಕು ಹಿಡಿಯುವುದು ಎಂದು ಬರೆದು ಅಂಕ ಪಡೆದವರು ನಾವೆಲ್ಲ. ಆ ಗೆರೆಯನ್ನು ನಾವು ಐದು ನಿಮಿಷದಲ್ಲಿ ಎಳೆದೆವು. ಯುರೋಪಿನ ದೊಡ್ಡ ದೊಡ್ಡ ವಿದ್ವಾಂಸರಿಗೆ ಅದನ್ನು ಸರಿಯಾಗಿ ಎಳೆಯಲು ನೂರಾರು ವರ್ಷ ಬೇಕಾಯಿತು.

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನ ಕೊಡಿ ಎಂದು ಸಂಪಾದಕ ಮಂಡಳಿಯವರು ಕೇಳಿದಾಗ, ಆ ಗೆರೆಯನ್ನು ಎಳೆದ ಮನುಷ್ಯನ ಬಗ್ಗೆ ಬರೆಯೋಣ ಅನಿಸಿತು. ನಾನು ಓದಿದ್ದು ಬಿ.ಇ., ಹೊಟ್ಟೆಪಾಡು ಸಾಫ್ಟ್‌ವೇರ್. ರಸಾಯನ ವಿಜ್ಞಾನದಲ್ಲಿ ಪಂಡಿತನಲ್ಲ. ಆದರೆ ಫ್ರಾನ್ಸಿನ ಆಂಟ್ವಾನ್ ಲವಾಸಿಯೆಯ ಬದುಕನ್ನು ಓದಿದ ಮೇಲೆ, ಅದು ಬರೀ ವಿಜ್ಞಾನದ ಪಾಠವಲ್ಲ, ಸರ್ಕಾರಿ ಶಾಲೆಯಲ್ಲಿ ಓದಿದ ನಮಗೂ ಅದರಲ್ಲಿ ಒಂದು ಲೆಕ್ಕ ಉಳಿದಿದೆ ಎಂದು ನನಗೆ ತೋರಿದೆ.

ವಕೀಲನ ಮಗ, ಕಲ್ಲಿನ ಮೋಹ

ಲವಾಸಿಯೆ ಹುಟ್ಟಿದ್ದು 1743ರ ಆಗಸ್ಟ್ 26ರಂದು, ಪ್ಯಾರಿಸ್ ನಗರದಲ್ಲಿ. ತಂದೆ ವಕೀಲರು, ಮನೆಯಲ್ಲಿ ಅನುಕೂಲವಿತ್ತು. ಐದು ವರ್ಷದ ಹುಡುಗನಿದ್ದಾಗಲೇ ತಾಯಿ ತೀರಿಕೊಂಡರು. ತಾಯಿಯ ತಂಗಿಯೇ ಅವನನ್ನು ಸಾಕಿದರು. ತಂದೆಯ ಆಸೆಯಂತೆ ಕಾನೂನು ಓದಿ ಮುಗಿಸಿದ. ಆದರೆ ವಕೀಲಿಕೆ ಮಾಡಲಿಲ್ಲ. ಕಾಲೇಜಿನ ದಿನಗಳಲ್ಲೇ ಅವನಿಗೆ ವಿಜ್ಞಾನದ ಹುಚ್ಚು ಹಿಡಿದಿತ್ತು. ಗೆತ್ತಾರ್ ಎಂಬ ಭೂವಿಜ್ಞಾನಿಯ ಜೊತೆ ಊರೂರು ತಿರುಗಿ, ಎಲ್ಲಿ ಯಾವ ಕಲ್ಲು, ಯಾವ ಮಣ್ಣು ಎಂದು ನಕ್ಷೆ ಮಾಡಲು ನೆರವಾದ.

ಅವನ ಮೊದಲ ಸಂಶೋಧನೆ ಜಿಪ್ಸಂ ಕಲ್ಲಿನ ಮೇಲೆ. ಮುರಿದ ಕೈಕಾಲಿಗೆ ಕಟ್ಟು ಹಾಕುವ ಪ್ಲಾಸ್ಟರ್ ಆಫ್ ಪ್ಯಾರಿಸ್ ತಯಾರಾಗುವುದು ಇದೇ ಕಲ್ಲನ್ನು ಸುಟ್ಟು. ಸುಟ್ಟ ಪುಡಿಗೆ ನೀರು ಕಲಸಿದರೆ ಮತ್ತೆ ಕಲ್ಲಿನಂತೆ ಗಟ್ಟಿಯಾಗುತ್ತದೆ. ಇದು ಗಾರೆ ಕೆಲಸದವರಿಗೆಲ್ಲ ಗೊತ್ತಿತ್ತು. ಯಾಕೆ ಹಾಗಾಗುತ್ತದೆ ಎಂಬುದು ಮಾತ್ರ ಗೊತ್ತಿರಲಿಲ್ಲ. ಲವಾಸಿಯೆ ಕಲ್ಲನ್ನು ಕಾಯಿಸಿದಾಗ ಹೊರಟ ಆವಿಯನ್ನು ಹಿಡಿದು ನೋಡಿದ. ಅದು ಶುದ್ಧ ನೀರು. ಸುಟ್ಟಾಗ ಕಲ್ಲು ಕಳೆದುಕೊಂಡ ನೀರನ್ನೇ, ಕಲಸಿದಾಗ ಪುಡಿ ಮತ್ತೆ ಹೀರಿಕೊಳ್ಳುತ್ತದೆ ಎಂದು ತೋರಿಸಿದ. ಈ ಪ್ರಬಂಧವನ್ನು ಫ್ರಾನ್ಸಿನ ವಿಜ್ಞಾನ ಅಕಾಡೆಮಿಯ ಮುಂದೆ ಓದಿದ್ದು 1765ರಲ್ಲಿ. ಆಗ ಅವನ ವಯಸ್ಸು 21. ಹೋದದ್ದು ಎಷ್ಟು, ಬಂದದ್ದು ಎಷ್ಟು ಎಂದು ತೂಗಿ ನೋಡುವ ಅವನ ಜೀವಮಾನದ ಅಭ್ಯಾಸ ಶುರುವಾದದ್ದು ಇಲ್ಲಿಂದ.

ನೂರೊಂದು ದಿನ ಕುದಿದ ನೀರು

ನಮ್ಮ ಹಿರಿಯರು ಪಂಚಭೂತಗಳನ್ನು ಹೇಳಿದಂತೆ, ಯುರೋಪಿನವರು ಗ್ರೀಕರ ಕಾಲದಿಂದ ಮಣ್ಣು, ನೀರು, ಗಾಳಿ, ಬೆಂಕಿ ಎಂಬ ನಾಲ್ಕನ್ನು ನಂಬಿದ್ದರು. ಒಂದು ಇನ್ನೊಂದಾಗಿ ಬದಲಾಗಬಲ್ಲದು ಎಂಬ ನಂಬಿಕೆಯೂ ಇತ್ತು. ಇದಕ್ಕೆ ಅವರು ಕೊಡುತ್ತಿದ್ದ ಸಾಕ್ಷಿ ಸರಳವಾದದ್ದು. ನೀರನ್ನು ಗಾಜಿನ ಪಾತ್ರೆಯಲ್ಲಿ ಬಹಳ ಹೊತ್ತು ಕುದಿಸಿದರೆ ತಳದಲ್ಲಿ ಮಣ್ಣಿನಂಥ ಗಸಿ ಉಳಿಯುತ್ತದೆ. ಬೋರ್‌ವೆಲ್ ನೀರಾದರೆ ಅದರಲ್ಲಿ ಕರಗಿದ ಲವಣ ಎನ್ನಬಹುದು. ಆದರೆ ಬಟ್ಟಿ ಇಳಿಸಿದ ಶುದ್ಧ ನೀರಿನಲ್ಲೂ ಗಸಿ ಕಾಣುತ್ತಿತ್ತು. ಹಾಗಾದರೆ ನೀರೇ ಮಣ್ಣಾಯಿತಲ್ಲ ಎಂಬುದು ಅವರ ವಾದ.

ಲವಾಸಿಯೆ 1768ರ ಅಕ್ಟೋಬರಿನಲ್ಲಿ ಒಂದು ಗಾಜಿನ ಪಾತ್ರೆ ತೆಗೆದುಕೊಂಡ. ಅದರ ಮೇಲ್ಭಾಗದಲ್ಲಿ ಆವಿ ತಣ್ಣಗಾಗಿ, ಪಕ್ಕದ ಕೊಳವೆಗಳ ಮೂಲಕ ನೀರಾಗಿ ಮತ್ತೆ ಕೆಳಗಿಳಿಯುತ್ತಿತ್ತು. ಖಾಲಿ ಪಾತ್ರೆಯನ್ನು ತೂಗಿದ, ನೀರನ್ನು ತೂಗಿದ, ಬಾಯಿ ಭದ್ರವಾಗಿ ಮುಚ್ಚಿ ಒಟ್ಟಾಗಿ ತೂಗಿದ. 101 ದಿನ ಹಗಲೂ ರಾತ್ರಿ ಕಾಯಿಸಿದ. ಫೆಬ್ರವರಿಯಲ್ಲಿ ಇಳಿಸಿ ನೋಡಿದರೆ ಗಸಿ ಇತ್ತು, ಆದರೆ ಒಟ್ಟು ತೂಕದಲ್ಲಿ ವ್ಯತ್ಯಾಸವಿರಲಿಲ್ಲ. ಬಳಿಕ ಒಂದೊಂದನ್ನೂ ಬೇರೆ ಬೇರೆಯಾಗಿ ತೂಗಿದ. ನೀರು ಕಡಿಮೆಯಾಗಿರಲಿಲ್ಲ. ಕಡಿಮೆಯಾದದ್ದು ಪಾತ್ರೆ. ಗಾಜು ಎಷ್ಟು ಸವೆದಿತ್ತೋ ಹೆಚ್ಚುಕಡಿಮೆ ಅಷ್ಟೇ ತೂಕದ ಗಸಿ ಸಿಕ್ಕಿತ್ತು.

ಎರಡು ಸಾವಿರ ವರ್ಷದ ನಂಬಿಕೆಯೊಂದು ತಕ್ಕಡಿಯ ಮುಂದೆ ನಿಲ್ಲಲಿಲ್ಲ. ನೀರು ಆವಿಯಾದರೂ, ಆವಿ ನೀರಾದರೂ, ಹಾಗೆ ಸಾವಿರ ಸಲ ಆದರೂ ನೀರು ನೀರೇ. ಪರೀಕ್ಷೆಯಲ್ಲಿ ನಾವು ಗೆರೆಯ ಎಡಗಡೆ ಬರೆಯುತ್ತಿದ್ದ ಭೌತ ಬದಲಾವಣೆ ಇದೇ.

ಬಸ್ಸಿನಿಂದ ಇಳಿದವರ ಲೆಕ್ಕ

ಬಲಗಡೆಯದು ಇನ್ನೂ ಕಷ್ಟದ್ದು. ಬೆಂಕಿ ಎಂದರೇನು? ಕಟ್ಟಿಗೆ ಉರಿದು ಹಿಡಿ ಬೂದಿ ಉಳಿದರೆ ಮಿಕ್ಕದ್ದೆಲ್ಲ ಎಲ್ಲಿ ಹೋಯಿತು? ಆ ಕಾಲದವರು ಇದಕ್ಕೊಂದು ಉತ್ತರ ಇಟ್ಟುಕೊಂಡಿದ್ದರು. ಉರಿಯುವ ಪ್ರತಿ ವಸ್ತುವಿನಲ್ಲೂ ಫ್ಲಾಜಿಸ್ಟನ್ ಎಂಬ ಅಂಶವಿದೆ, ಉರಿದಾಗ ಅದು ಹೊರಟುಹೋಗುತ್ತದೆ ಎನ್ನುತ್ತಿದ್ದರು. ಕಟ್ಟಿಗೆಗೆ ಈ ಉತ್ತರ ಒಪ್ಪುತ್ತದೆ. ಲೋಹಕ್ಕೆ ಒಪ್ಪುವುದಿಲ್ಲ. ತವರವನ್ನೋ ಸೀಸವನ್ನೋ ಕಾಯಿಸಿ ಭಸ್ಮ ಮಾಡಿದರೆ ಭಸ್ಮದ ತೂಕ ಲೋಹಕ್ಕಿಂತ ಹೆಚ್ಚು ಬರುತ್ತದೆ. ಬಸ್ಸಿನಿಂದ ಜನ ಇಳಿದ ಮೇಲೆ ಬಸ್ಸಿನ ಭಾರ ಹೆಚ್ಚಾಯಿತು ಎಂದಂತೆ ಇದು. ಫ್ಲಾಜಿಸ್ಟನ್‌ಗೆ ಸೊನ್ನೆಗಿಂತ ಕಡಿಮೆ ತೂಕವಿದೆ ಎಂದು ಸಮಜಾಯಿಷಿ ಕೊಟ್ಟವರೂ ಇದ್ದರು.

1772ರಲ್ಲಿ ಲವಾಸಿಯೆ ಗಂಧಕ ಮತ್ತು ರಂಜಕವನ್ನು ಉರಿಸಿ, ಅವುಗಳ ತೂಕವೂ ಹೆಚ್ಚುತ್ತದೆ ಎಂದು ಕಂಡುಕೊಂಡ. 1774ರಲ್ಲಿ ತವರವನ್ನು ಗಾಜಿನ ಪಾತ್ರೆಯಲ್ಲಿಟ್ಟು, ಬಾಯಿ ಬೆಸೆದು, ಕಾಯಿಸಿದ. ತವರದ ಒಂದಷ್ಟು ಭಾಗ ಭಸ್ಮವಾಯಿತು. ಮುಚ್ಚಿದಂತೆಯೇ ತೂಗಿದರೆ ತೂಕ ಮೊದಲಿನಷ್ಟೇ. ಬಾಯಿ ಒಡೆದಾಗ ಸುಯ್ಯೆಂದು ಹೊರಗಿನ ಗಾಳಿ ಒಳನುಗ್ಗಿತು, ಆಗ ತೂಕ ಹೆಚ್ಚಿತು. ಒಳಗಿದ್ದ ಗಾಳಿಯ ಒಂದು ಪಾಲನ್ನು ಲೋಹ ಹಿಡಿದಿಟ್ಟುಕೊಂಡಿದೆ, ಆ ಜಾಗಕ್ಕೆ ಹೊಸ ಗಾಳಿ ಬಂದಿದೆ ಎಂಬುದು ಸ್ಪಷ್ಟವಾಯಿತು. ಇಂಗ್ಲೆಂಡಿನ ರಾಬರ್ಟ್ ಬಾಯ್ಲ್ ನೂರು ವರ್ಷ ಮೊದಲೇ ಇಂಥದೇ ಪ್ರಯೋಗ ಮಾಡಿದ್ದ. ಆದರೆ ಅವನು ಪಾತ್ರೆಯನ್ನು ತೆರೆದ ಮೇಲೆ ತೂಗಿದ್ದ. ತೆರೆಯುವ ಮೊದಲು ತೂಗುವುದು, ತೆರೆದ ಮೇಲೆ ತೂಗುವುದು, ಇಷ್ಟೇ ವ್ಯತ್ಯಾಸ. ಒಂದು ಇಡೀ ಶಾಸ್ತ್ರ ಅದರಲ್ಲಿ ನಿಂತಿತ್ತು.

ಗಾಳಿಯಲ್ಲಿರುವ ಆ ಪಾಲು ಯಾವುದು? 1774ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ ಪ್ಯಾರಿಸ್ಸಿಗೆ ಬಂದು ಲವಾಸಿಯೆಯ ಮನೆಯಲ್ಲಿ ಊಟ ಮಾಡಿದ. ಪಾದರಸದ ಕೆಂಪು ಭಸ್ಮವನ್ನು ಕಾಯಿಸಿದರೆ ಬರುವ ಒಂದು ಅನಿಲದಲ್ಲಿ ಮೇಣದಬತ್ತಿ ಪ್ರಖರವಾಗಿ ಉರಿಯುತ್ತದೆ ಎಂದು ಊಟದ ವೇಳೆ ಹೇಳಿದ. ಸ್ವೀಡನ್ನಿನ ಷೀಲೆ ಎಂಬ ಔಷಧ ತಯಾರಕ ಕೂಡ ಅದೇ ಅನಿಲವನ್ನು ಬೇರೆಯಾಗಿ ಕಂಡುಕೊಂಡಿದ್ದ. ಲವಾಸಿಯೆ ಇದರ ಬೆನ್ನು ಹತ್ತಿದ. ಪಾದರಸವನ್ನು 50 ಘನ ಅಂಗುಲ ಗಾಳಿಯ ಜೊತೆ 12 ದಿನ ಕಾಯಿಸಿದ. ಸುಮಾರು ಆರನೇ ಒಂದು ಪಾಲು ಗಾಳಿ ಕಡಿಮೆಯಾಗಿ, ಪಾದರಸದ ಮೇಲೆ ಕೆಂಪು ಭಸ್ಮ ಕಾಣಿಸಿತು. ಉಳಿದ ಗಾಳಿಯಲ್ಲಿ ಬತ್ತಿ ಆರಿತು. ಆ ಭಸ್ಮವನ್ನು ಬೇರೆ ತೆಗೆದು ಜೋರಾಗಿ ಕಾಯಿಸಿದಾಗ ಕಳೆದುಹೋದ ಗಾಳಿ ಹಾಗೆಯೇ ವಾಪಸ್ಸು ಬಂತು. ಅದನ್ನು ಉಳಿದ ಗಾಳಿಗೆ ಬೆರೆಸಿದರೆ ಮತ್ತೆ ಮಾಮೂಲಿ ಗಾಳಿ.

ಹೀಗೆ ಬೆಂಕಿಯ ಗುಟ್ಟು ಬಯಲಾಯಿತು. ಉರಿಯುವುದೆಂದರೆ ಏನೋ ಒಂದು ಹೊರಟುಹೋಗುವುದಲ್ಲ, ಗಾಳಿಯ ಒಂದು ಪಾಲು ಬಂದು ಸೇರುವುದು. ನೇಗಿಲ ಗುಳಕ್ಕೆ ತುಕ್ಕು ಹಿಡಿಯುವುದೂ, ಒಲೆ ಉರಿಯುವುದೂ, ನಾವು ಉಸಿರಾಡುವುದೂ ಒಂದೇ ಜಾತಿಯ ಬದಲಾವಣೆ ಎಂದು ಅವನು ಮುಂದೆ ತೋರಿಸಿದ. ಲಾಪ್ಲಾಸ್ ಎಂಬ ಗಣಿತಜ್ಞನ ಜೊತೆ ಸೇರಿ, ಮಂಜುಗಡ್ಡೆ ತುಂಬಿದ ಪಾತ್ರೆಯೊಳಗೆ ಗಿನಿ ಹಂದಿಯನ್ನಿಟ್ಟು, ಅದರ ಮೈಶಾಖಕ್ಕೆ ಎಷ್ಟು ಮಂಜು ಕರಗಿತು ಎಂದು ಅಳೆದ. ಅಷ್ಟೇ ಇಂಗಾಲದ ಅನಿಲ ಹೊರಬರುವಂತೆ ಇದ್ದಿಲು ಉರಿಸಿದರೆ ಎಷ್ಟು ಕರಗುತ್ತದೆ ಎಂದೂ ಅಳೆದ. ಎರಡೂ ಹತ್ತಿರ ಹತ್ತಿರ ಬಂದವು. ನಮ್ಮೊಳಗೂ ಒಂದು ಒಲೆ ನಿಧಾನವಾಗಿ ಉರಿಯುತ್ತಿದೆ ಎಂಬುದು ಅವನು ಕಂಡ ಸತ್ಯ.

ಪ್ರೀಸ್ಟ್ಲಿಗೆ ಸಲ್ಲಬೇಕಾದ ಶ್ರೇಯಸ್ಸನ್ನು ಅವನು ಧಾರಾಳವಾಗಿ ಕೊಡಲಿಲ್ಲ ಎಂಬ ಆಪಾದನೆ ಇದೆ, ಅದರಲ್ಲಿ ನಿಜವೂ ಇದೆ. ಆದರೆ ಪ್ರೀಸ್ಟ್ಲಿ ಕೊನೆಯವರೆಗೂ ಫ್ಲಾಜಿಸ್ಟನ್ನನ್ನೇ ನಂಬಿದ್ದ. ವಸ್ತು ಒಬ್ಬನ ಕೈಗೆ ಸಿಕ್ಕಿತು, ಅದರ ಅರ್ಥ ಇನ್ನೊಬ್ಬನಿಗೆ ಹೊಳೆಯಿತು.

ನಮ್ಮ ಬಾಯಲ್ಲೂ ಉಳಿದ ಹೆಸರು

ಆ ಕಾಲದಲ್ಲಿ ರಾಸಾಯನಿಕಗಳ ಹೆಸರು ಬಾಯಿಗೆ ಬಂದಂತೆ ಇರುತ್ತಿದ್ದವು. ಸತುವಿನ ಹೂವು, ಗಂಧಕದ ಪಿತ್ತಜನಕಾಂಗ, ಆಂಟಿಮನಿಯ ಬೆಣ್ಣೆ ಹೀಗೆ. ಹೆಸರು ಕೇಳಿದರೆ ಒಳಗೇನಿದೆ ಎಂದು ತಿಳಿಯುವಂತಿರಲಿಲ್ಲ. ಲವಾಸಿಯೆ ಇನ್ನೂ ಮೂವರ ಜೊತೆ ಸೇರಿ 1787ರಲ್ಲಿ ಹೊಸ ಹೆಸರುಗಳ ಪದ್ಧತಿ ತಂದ. ಯಾವ ಧಾತುಗಳು ಸೇರಿವೆಯೋ ಅವೇ ಹೆಸರಿನಲ್ಲಿ ಇರಬೇಕು ಎಂಬುದು ನಿಯಮ. ನಾವು ಬಳಸುವ ಆಕ್ಸೈಡ್, ಸಲ್ಫೇಟ್ ಎಂಬ ಹೆಸರುಗಳ ಮೂಲ ಅದೇ. ಕಂಪ್ಯೂಟರ್ ಪ್ರೋಗ್ರಾಂ ಬರೆಯುವ ನನಗೆ ಇದರ ಬೆಲೆ ದಿನವೂ ಗೊತ್ತಾಗುತ್ತದೆ. ಹೆಸರು ಸರಿಯಿಟ್ಟರೆ ಅರ್ಧ ಕೆಲಸ ಮುಗಿದಂತೆ.

ಆಕ್ಸಿಜನ್ ಎಂಬುದು ಅವನೇ ಗ್ರೀಕ್ ಭಾಷೆಯಿಂದ ಕಟ್ಟಿದ ಪದ. ಆಮ್ಲವನ್ನು ಹುಟ್ಟಿಸುವುದು ಎಂದು ಅರ್ಥ. ಹೈಡ್ರೋಜನ್ ಎಂದರೆ ನೀರನ್ನು ಹುಟ್ಟಿಸುವುದು. ಆ ಅನಿಲ ಉರಿದಾಗ ನೀರಾಗುತ್ತದೆ ಎಂದು ಮೊದಲು ಕಂಡವನು ಇಂಗ್ಲೆಂಡಿನ ಕ್ಯಾವೆಂಡಿಷ್. ನೀರು ಧಾತುವಲ್ಲ, ಎರಡು ಧಾತುಗಳ ಸಂಯುಕ್ತ ಎಂದು ಬಿಡಿಸಿ ಹೇಳಿದವನು ಲವಾಸಿಯೆ. ಆ ಎರಡು ಪದಗಳ ಕನ್ನಡ ರೂಪವೇ ನಮ್ಮ ಆಮ್ಲಜನಕ ಮತ್ತು ಜಲಜನಕ. ಎಲ್ಲ ಆಮ್ಲಗಳಲ್ಲೂ ಆಮ್ಲಜನಕ ಇರುತ್ತದೆ ಎಂದು ಅವನು ತಿಳಿದಿದ್ದು ತಪ್ಪು. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದು ಇಲ್ಲವೆಂದು ಮುಂದೆ ಹಂಫ್ರಿ ಡೇವಿ ತೋರಿಸಿದ. ಆದರೆ ಹೆಸರು ಹಾಗೆಯೇ ಉಳಿಯಿತು. ಆಸ್ಪತ್ರೆಯಲ್ಲಿ ಆಮ್ಲಜನಕದ ಸಿಲಿಂಡರ್ ಕೇಳುವಾಗ ನಾವು ಗೊತ್ತಿಲ್ಲದೆ ಅವನ ಅರಿವನ್ನೂ ಅವನ ತಪ್ಪನ್ನೂ ಒಟ್ಟಿಗೆ ಉಚ್ಚರಿಸುತ್ತೇವೆ.

1789ರಲ್ಲಿ ಅವನ ರಸಾಯನ ವಿಜ್ಞಾನದ ಪಠ್ಯಗ್ರಂಥ ಬಂತು. ಅದರಲ್ಲಿ 33 ಧಾತುಗಳ ಪಟ್ಟಿಯಿದೆ. ಬೆಳಕು ಮತ್ತು ಶಾಖವನ್ನೂ ಧಾತುಗಳೆಂದು ಸೇರಿಸಿದ್ದು ಅವನ ಇನ್ನೊಂದು ತಪ್ಪು. ದ್ರಾಕ್ಷಿರಸ ಹುಳಿತು ಮದ್ಯವಾಗುವ ಅಧ್ಯಾಯದಲ್ಲಿ, ಯಾವುದೇ ಕ್ರಿಯೆಯ ಮೊದಲೂ ನಂತರವೂ ವಸ್ತುವಿನ ಪ್ರಮಾಣ ಅಷ್ಟೇ ಇರುತ್ತದೆ, ಏನೂ ಹೊಸದಾಗಿ ಹುಟ್ಟುವುದಿಲ್ಲ ಎಂಬ ತತ್ವವನ್ನು ಅವನು ಬರೆದಿದ್ದಾನೆ. ನಾವು ಬಾಯಿಪಾಠ ಮಾಡಿದ ರಾಶಿ ಸಂರಕ್ಷಣಾ ನಿಯಮ ಅದೇ. ಈ ಯೋಚನೆ ಇತರರಿಗೂ ಬಂದಿತ್ತು. ಅದನ್ನು ಪ್ರತಿಯೊಂದು ಪ್ರಯೋಗದ ಲೆಕ್ಕಪುಸ್ತಕವನ್ನಾಗಿ ಮಾಡಿದ್ದು ಲವಾಸಿಯೆ.

ಈ ಗ್ರಂಥದ ಚಿತ್ರಫಲಕಗಳನ್ನು ಬರೆದವರು ಅವನ ಹೆಂಡತಿ ಮಾರಿ ಆನ್. 1771ರಲ್ಲಿ ಮದುವೆಯಾದಾಗ ಆಕೆಗೆ 13 ವರ್ಷ, ಅವನಿಗೆ 28. ಬಾಲ್ಯವಿವಾಹ ಎಂದು ಇಂದು ನಾವು ಹೇಳುವಂಥದೇ. ಆಕೆ ಇಂಗ್ಲಿಷ್ ಕಲಿತು ಗಂಡನಿಗೆ ಬೇಕಾದ ಗ್ರಂಥಗಳನ್ನು ಅನುವಾದಿಸಿದರು, ಪ್ರಸಿದ್ಧ ಚಿತ್ರಕಾರ ಡೇವಿಡ್ ಅವರಿಂದ ಚಿತ್ರಕಲೆ ಕಲಿತರು, ಪ್ರಯೋಗಶಾಲೆಯಲ್ಲಿ ಕುಳಿತು ಟಿಪ್ಪಣಿ ಬರೆದುಕೊಂಡರು. ಬೆಳಿಗ್ಗೆ 6ರಿಂದ 9, ಸಂಜೆ 7ರಿಂದ 10, ಜೊತೆಗೆ ವಾರದಲ್ಲಿ ಒಂದು ಇಡೀ ದಿನ, ಇಷ್ಟು ಅವರ ವಿಜ್ಞಾನದ ಹೊತ್ತು. ಮಿಕ್ಕ ಹೊತ್ತು ಲವಾಸಿಯೆ ಏನು ಮಾಡುತ್ತಿದ್ದ ಎಂಬುದೇ ಕಥೆಯ ಇನ್ನೊಂದು ಮುಖ.

ಉಪ್ಪಿನ ಸುಂಕ

ನಮ್ಮ ಕಡೆ ಸಂತೆ ಸುಂಕ ಎತ್ತುವ ಹಕ್ಕನ್ನು ಹರಾಜಿನಲ್ಲಿ ಹಿಡಿಯುವುದು ಹಿರಿಯರಿಗೆಲ್ಲ ಗೊತ್ತು. ಹರಾಜಿನ ಹಣ ಪಂಚಾಯಿತಿಗೆ, ಹೆಚ್ಚಿಗೆ ಎತ್ತಿದ್ದು ಗುತ್ತಿಗೆದಾರನಿಗೆ. ಫ್ರಾನ್ಸ್ ದೇಶದ ದೊಡ್ಡ ದೊಡ್ಡ ತೆರಿಗೆಗಳನ್ನೂ ರಾಜ ಹೀಗೆಯೇ ಒಂದು ಗುತ್ತಿಗೆದಾರರ ಕೂಟಕ್ಕೆ ಕೊಟ್ಟಿದ್ದ. ಲವಾಸಿಯೆ 1768ರಲ್ಲಿ, ಅಂದರೆ ಅಕಾಡೆಮಿಗೆ ಆಯ್ಕೆಯಾದ ವರ್ಷವೇ, ಹಣ ಹೂಡಿ ಆ ಕೂಟದಲ್ಲಿ ಪಾಲು ಪಡೆದ. ಅವನ ಮಾವ ಕೂಡ ಅದರಲ್ಲಿದ್ದವರು.

ಈ ಕೂಟ ಎತ್ತುತ್ತಿದ್ದ ತೆರಿಗೆಗಳಲ್ಲಿ ಜನ ಹೆಚ್ಚು ಶಪಿಸಿದ್ದು ಉಪ್ಪಿನ ಸುಂಕವನ್ನು. ಹಲವು ಪ್ರಾಂತಗಳಲ್ಲಿ ಎಂಟು ವರ್ಷ ದಾಟಿದ ಪ್ರತಿಯೊಬ್ಬರೂ ವರ್ಷಕ್ಕೆ ಇಂತಿಷ್ಟು ಉಪ್ಪನ್ನು ಅವರು ಹೇಳಿದ ಬೆಲೆಗೆ ಕೊಳ್ಳಲೇಬೇಕಿತ್ತು. ಕಳ್ಳದಾರಿಯಲ್ಲಿ ಉಪ್ಪು ತಂದವರಿಗೆ ಕಠಿಣ ಶಿಕ್ಷೆ. 1930ರಲ್ಲಿ ಅಂಕೋಲೆಯ ಕಡಲತೀರದಲ್ಲಿ ಉಪ್ಪಿನ ಸತ್ಯಾಗ್ರಹ ಮಾಡಿದ ನಾಡಿನವರಿಗೆ ಉಪ್ಪಿನ ಸುಂಕದ ಸಂಕಟ ವಿವರಿಸಬೇಕಾಗಿಲ್ಲ. ಪ್ಯಾರಿಸ್ಸಿಗೆ ಸುಂಕ ತಪ್ಪಿಸಿ ಸರಕು ಬರುತ್ತಿದೆ ಎಂದು ಲೆಕ್ಕ ಹಾಕಿ, ಇಡೀ ನಗರದ ಸುತ್ತ ಗೋಡೆ ಕಟ್ಟಬೇಕೆಂದು ಸೂಚಿಸಿದವನು ಲವಾಸಿಯೆಯೇ. 1780ರ ದಶಕದಲ್ಲಿ ಗೋಡೆ ಎದ್ದಿತು. ಗೋಡೆ ತಮ್ಮ ಗಾಳಿಯನ್ನೇ ತಡೆದಿದೆ ಎಂದು ಜನ ಗೊಣಗಿದರು. ಗಾಳಿಯ ಗುಟ್ಟು ಬಿಡಿಸಿದವನ ಮೇಲೆಯೇ ಈ ದೂರು.

ಅವನು ಕ್ರೂರಿಯಾಗಿರಲಿಲ್ಲ. ಸರ್ಕಾರದ ಕೋವಿಮದ್ದಿನ ಇಲಾಖೆಯನ್ನು ದಕ್ಷವಾಗಿ ನಡೆಸಿದ. ತನ್ನ ಜಮೀನಿನಲ್ಲಿ ಹೊಸ ಬೇಸಾಯದ ಪ್ರಯೋಗ ಮಾಡಿದ. ಬರಗಾಲದಲ್ಲಿ ಬ್ಲುವಾ ಪಟ್ಟಣಕ್ಕೆ ಧಾನ್ಯ ಕೊಳ್ಳಲು ಬಡ್ಡಿಯಿಲ್ಲದೆ ಸಾಲ ಕೊಟ್ಟ. ಕ್ರಾಂತಿಯ ನಂತರ ಹೊಸ ಅಳತೆ ಮತ್ತು ತೂಕಗಳ ಸಮಿತಿಯಲ್ಲಿ ದುಡಿದ. ಇಂದು ನಾವು ಬಳಸುವ ಕಿಲೋಗ್ರಾಂ ನಿರ್ಧರಿಸಲು ನೀರನ್ನು ಸೂಕ್ಷ್ಮವಾಗಿ ತೂಗಿದವರಲ್ಲಿ ಅವನೂ ಒಬ್ಬ. ಆದರೂ ಯುರೋಪಿನಲ್ಲೇ ಅತ್ಯುತ್ತಮವೆನಿಸಿದ ಅವನ ತಕ್ಕಡಿಗಳಿಗೆ ಹಣ ಬಂದದ್ದು ಬಡವರ ಗಂಜಿಯ ಉಪ್ಪಿನಿಂದ.

1789ರ ಕ್ರಾಂತಿಯಲ್ಲಿ ಮೊದಲು ಸುಟ್ಟದ್ದರಲ್ಲಿ ಆ ಗೋಡೆಯ ಸುಂಕದಕಟ್ಟೆಗಳೂ ಸೇರಿದ್ದವು. 1793ರ ನವೆಂಬರಿನಲ್ಲಿ ತೆರಿಗೆ ಗುತ್ತಿಗೆದಾರರ ಬಂಧನಕ್ಕೆ ಆಜ್ಞೆಯಾಯಿತು. ಲವಾಸಿಯೆ ತಾನಾಗಿಯೇ ಹೋಗಿ ಶರಣಾದ. ಸೆರೆಮನೆಯಲ್ಲೂ ಕುಳಿತು ತನ್ನ ಪ್ರಬಂಧಗಳನ್ನು ಅಚ್ಚಿಗೆ ಸಿದ್ಧಪಡಿಸುತ್ತಿದ್ದ. ಜನರಿಗೆ ಮಾರುವ ಹೊಗೆಸೊಪ್ಪಿಗೆ ನೀರು ಬೆರೆಸಿ ತೂಕ ಹೆಚ್ಚಿಸಿದರು ಎಂಬುದು ಆ ಕೂಟದ ಮೇಲಿದ್ದ ಆರೋಪಗಳಲ್ಲಿ ಒಂದು. ಜೀವನವಿಡೀ ತೂಕದ ಸತ್ಯಕ್ಕಾಗಿ ದುಡಿದವನ ಮೇಲೆ ಕಡೆಗೆ ಬಂದದ್ದು ತೂಕದ ಮೋಸದ ಆರೋಪ. 1794ರ ಮೇ 8ರಂದು ವಿಚಾರಣೆ ನಡೆದು, ಅದೇ ದಿನ 28 ಮಂದಿಯ ತಲೆ ಕಡಿಯಲಾಯಿತು. ಮಾವನ ಹಿಂದೆಯೇ ಅಳಿಯನ ಸರದಿ. ವಯಸ್ಸು 50. ಕಡಿದ ತಲೆ ಕಣ್ಣು ಮಿಟುಕಿಸಿತು ಎಂಬ ಕಥೆ ಈಗ ಮೊಬೈಲಿನಲ್ಲಿ ಹರಿದಾಡುತ್ತದೆ. ಆ ಕಾಲದ ಯಾವ ದಾಖಲೆಯೂ ಅದನ್ನು ಹೇಳುವುದಿಲ್ಲ.

ಮುಂದಿನ ವರ್ಷವೇ ಸರ್ಕಾರ ಅವನ ಮೇಲಿನ ತೀರ್ಪು ತಪ್ಪೆಂದು ಒಪ್ಪಿ, ಮುಟ್ಟುಗೋಲು ಹಾಕಿಕೊಂಡ ಸಾಮಾನುಗಳನ್ನು ಹಿಂದಿರುಗಿಸಿತು. ಒಂದೇ ದಿನ ಗಂಡನನ್ನೂ ತಂದೆಯನ್ನೂ ಕಳೆದುಕೊಂಡ ಮಾರಿ ಆನ್, ಗಂಡನ ಕೊನೆಯ ಪ್ರಬಂಧಗಳನ್ನು ಪ್ರಕಟಿಸಿ, 1836ರವರೆಗೆ ಬಾಳಿದರು.

ನಮ್ಮ ಪಾಲಿನ ಲೆಕ್ಕ

ಲವಾಸಿಯೆಗೆ ಕೊಟ್ಟ ಮರಣದಂಡನೆ ಅನ್ಯಾಯ. ಉಪ್ಪಿನ ಸುಂಕವೂ ಅನ್ಯಾಯ. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಡುವುದು ಅವನದೇ ವಿಧಾನಕ್ಕೆ ವಿರುದ್ಧ. ಏನೂ ಶೂನ್ಯದಿಂದ ಹುಟ್ಟುವುದಿಲ್ಲ ಎಂದವನ ಪ್ರಯೋಗಶಾಲೆಯೂ ಶೂನ್ಯದಿಂದ ಹುಟ್ಟಲಿಲ್ಲ. ವಸ್ತುಗಳ ಲೆಕ್ಕವನ್ನು ಗುಂಜಿ ತೂಕದಷ್ಟೂ ಬಿಡದೆ ಬರೆದವನು, ಈ ಒಂದು ಲೆಕ್ಕವನ್ನು ಎಷ್ಟು ಯೋಚಿಸಿದ್ದನೋ.

ಇಲ್ಲಿಗೆ ನಮ್ಮ ಮಾತು. ನಮ್ಮ ಶಾಲೆಯ ಕಟ್ಟಡ, ಮೇಷ್ಟ್ರುಗಳ ಸಂಬಳ, ನಮಗೆ ಕೊಟ್ಟ ಪುಸ್ತಕ, ಇವೆಲ್ಲ ಎಲ್ಲಿಂದಲೋ ಬಂದವು. ಬೆಂಕಿಪೊಟ್ಟಣಕ್ಕೂ ಸಾಬೂನಿಗೂ ತೆರಿಗೆ ಕೊಟ್ಟ, ಶಾಲೆಯ ಮೆಟ್ಟಿಲನ್ನೇ ಹತ್ತದ ಎಷ್ಟೋ ಜನರ ಜೇಬಿನಿಂದ ಬಂದವು. ಐವತ್ತು ವರ್ಷಗಳಲ್ಲಿ ಇಲ್ಲಿಂದ ಹೊರಹೋದ ನಾವು ಎಂಜಿನಿಯರ್, ಶಿಕ್ಷಕ, ನರ್ಸ್, ಪೊಲೀಸ್, ರೈತ ಏನೇ ಆಗಿರಲಿ, ಆ ತೂಕ ನಮ್ಮಲ್ಲಿ ಎಲ್ಲೋ ಇದೆ. ಕಳೆದುಹೋಗಿಲ್ಲ. ಅದನ್ನು ಹಿಂದಿರುಗಿಸುವುದು ನಮ್ಮ ಕೈಯಲ್ಲಿದೆ.

ಈಗಿನ ಮಕ್ಕಳಿಗೆ ಒಂದು ಪ್ರಯೋಗ ಹೇಳಿ ಮುಗಿಸುತ್ತೇನೆ. ಮೇಷ್ಟ್ರ ಎದುರಿನಲ್ಲೇ ಮಾಡಿ. ತಂಪು ಪಾನೀಯದ ಖಾಲಿ ಬಾಟಲಿಗೆ ಸ್ವಲ್ಪ ನಿಂಬೆರಸ ಹಾಕಿ. ಅರ್ಧ ಚಮಚ ಅಡುಗೆ ಸೋಡಾವನ್ನು ತೆಳು ಕಾಗದದಲ್ಲಿ ಸುತ್ತಿ ಒಳಗೆ ಬಿಟ್ಟು, ತಕ್ಷಣ ಮುಚ್ಚಳ ಬಿಗಿಯಾಗಿ ತಿರುಗಿಸಿ ತೂಗಿ. ನೊರೆ ಬಂದು ನಿಂತ ಮೇಲೆ ಮತ್ತೆ ತೂಗಿ. ತೂಕ ಅಷ್ಟೇ ಇರುತ್ತದೆ. ಆಮೇಲೆ ಮುಚ್ಚಳ ನಿಧಾನವಾಗಿ ಸಡಿಲಿಸಿ. ಸುಯ್ಯೆನ್ನುವ ಸದ್ದಿನೊಂದಿಗೆ ಅನಿಲ ಹೊರಹೋಗಿ ತೂಕ ಕಡಿಮೆಯಾಗುತ್ತದೆ. ಇದಕ್ಕೆ ಗ್ರಾಮಿನ ಭಾಗಗಳನ್ನೂ ತೋರಿಸುವ ಒಳ್ಳೆಯ ತಕ್ಕಡಿ ಬೇಕು. ಶಾಲೆಯ ಪ್ರಯೋಗಾಲಯಕ್ಕೆ ಅಂಥದೊಂದನ್ನು ಈ ಮಹೋತ್ಸವದ ಸಂದರ್ಭದಲ್ಲಿ ಕೊಡಿಸೋಣ ಎಂದು ಹಳೆಯ ವಿದ್ಯಾರ್ಥಿಗಳಲ್ಲಿ ನನ್ನ ಕೋರಿಕೆ. ನನ್ನ ಪಾಲು ಮೊದಲು ಬರೆದುಕೊಳ್ಳಿ.